ಮಾರಾಟಕ್ಕಲ್ಲ

ಕಳಂಗುಟದ ಮುಚ್ಚಿದ ಮರಾಠಿ ಸಾಲಿಯೊಳಗ
ಸಂಜಿ ಏಳಕ್ಕ ಲೈಟ್ ಹಾಕ್ತಾರ.
ಬೆಂಚು ಸಣ್ಣು, ಹುಡುಗರ ಅಳತಿಯವು.
ಮೊಣಕಾಲು ಹೊರಗಿಟ್ಟು ಕುಂಡರ್ತೇವಿ
ಹದಿನೇಳು ಮಂದಿ,
ಗಂಟು ಇಳಿಸಿ ಬಂದ್ರೂ ಬೆನ್ನು ಬಾಗೇ ಇರ್ತಾವು.

ಸರಕಾರದ ಪುಸ್ತಕ ಬಂತು.
ಓಢಣಿಗೆ ಕೈ ಒರಿಸಿ ತಗೊಂಡೆ.
ಹಿಂದಿನ ರಟ್ಟಿನ ಮ್ಯಾಲ ಒಂದು ಕೆಂಪು ಸಿಕ್ಕಾ.
ಇದೇನ್ರಿ ಬಾಯಿ, ಅಂದೆ.
'ನಾಟ್ ಫಾರ್ ಸೇಲ್' ಅಂದ್ರು ಕ್ಲೆಮೆಂಟಿನಾ ಬಾಯಿ.
ಮಾರಾಟಕ್ಕಲ್ಲ.
ಹೇಮ್ಲಿ ನಕ್ಕಳು, ನಾನೂ ನಕ್ಕೆ.
ಇಪ್ಪತ್ತೆರಡು ವರ್ಷ ಈ ಉಸುಕಿನ್ಯಾಗ ತಿರುಗೇನಿ,
ಮಾರಬಾರದ್ದು ಅಂತ ಒಂದೂ ಕೈಗೆ ಬಂದಿದ್ದಿಲ್ಲ:
ಕಾಲ್ಗೆಜ್ಜಿ, ಶಂಖದ ಸರ, ಕನ್ನಡಿ ಚೂರಿನ ಚೀಲ,
ಸತ್ತ ಅವ್ವನ ಫೇಟಿಯಾ ಬಿಚ್ಚಿ ಹೊಲಿದ ದಿಂಬಿನ ಗೌಸಣಿಗಿ.
ಅದನ್ನೊಬ್ಬ ಜರ್ಮನಿಯಾಕಿ ಒಯ್ದಳು
ಇನ್ನೂರ ಐವತ್ತಕ್ಕ.

ಇಂಗ್ಲಿಷ್ ಬರೂದಿಲ್ಲಂತಲ್ಲ.
ಲುಕ್ ಲುಕ್ ಮೇಡಂ, ಲಾಸ್ಟ್ ಪ್ರೈಸ್, ಫಸ್ಟ್ ಬೋಣಿ.
ರಷ್ಯಾದವರ ಎಣಿಕಿ ನೂರರ ತನಕ ಗೊತ್ತು,
ಸ್ಕೋಲ್ಕಾ ಅಂದ್ರ ಎಷ್ಟಕ್ಕ, ದೋರಗಾ ಅಂದ್ರ ತುಟ್ಟಿ.
ಮನ್ಯಾಗ ಗೋರ್ ಮಾತು, ಗದಗಿನ ಬಸ್ಸಿನ್ಯಾಗ ಕನ್ನಡ,
ಮೀನಿನಾಕಿ ಜೋಡಿ ಕೊಂಕಣಿ, ಪೊಲೀಸರ ಜೋಡಿ ಹಿಂದಿ,
ಅದೂ ಬಗ್ಗಿಸಿದ ತಲೀಲೆ.
ಇಷ್ಟಾದ್ರೂ ಫಾರ್ಮಿನ್ಯಾಗ ಶಿಕ್ಷಣ ಅನ್ನೂ ಖಾನೆಯೊಳಗ
ಗುಮಾಸ್ತ ಒಂದು ಗೀಟು ಎಳೀತಾನ,
ನಾ ಹೆಬ್ಬೆರಳು ಒತ್ತತೇನಿ.

ಮೊದಲನೇ ಪಾಠ, ನಿನ್ನ ಹೆಸರೇನು.
ಕಡಲ ದಂಡಿಗೆ ನಾನು ಲೂಸಿ.
ಘಮಲಿಬಾಯಿ ಅನ್ನಾಕ ಆ ಮಂದಿ ನಾಲಿಗಿ ಹೊರಳೂದಿಲ್ಲ.
ಹಂಗ ಹೇಮ್ಲಿ ರೀಟಾ ಆದ್ಳು.
ಮೈ ನೇಮ್ ಈಸ್, ಅಂದು ನಿಂತೆ.
ಮುಂದ ಯಾವುದು ಹೇಳ್ಲಿ?
ಬಾಯಿ ಕಾದ್ರು. ಫ್ಯಾನು ಕಿರ್ ಅಂತು.
ಘಮಲಿ, ಅಂದೆ.
ಆ ಮಾತಿನ ತುದಿಗೆ ಅದು
ಬ್ಯಾರೆ ಯಾರನ್ನೋ ಕರದಂಗ ಕೇಳಿಸ್ತು.

ಮೂರನೇ ವಾರ ಪಣಜಿ ಸಾಹೇಬ ಬಂದ,
ಪೆನ್ನಿನ ತುದೀಲೆ ನಮ್ಮ ತಲಿ ಎಣಿಸಿದ.
ಇಪ್ಪತ್ತು ಆಗದಿದ್ರ ಯೋಜನಾ ಬಂದ್, ಅಂದ.
ಮರುದಿನ ಹೇಮ್ಲಿ ಕಿವುಡಿ ಅತ್ತಿನ್ನ ಕೈ ಹಿಡಿದು ತಂದ್ಳು.
ನೇಪಾಳದ ಅಡಿಗಿಯವ ಬಂದ, ಬೆಳ್ಳುಳ್ಳಿ ವಾಸನಿ ಸಮೇತ.
ಇಪ್ಪತ್ತನೇದಾಕಿ ಯಾಂಗ್ಚೆನ್,
ಟಿಬೇಟದಾಕಿ, ಬೆಳ್ಳಿ ಅಂಗಡಿಯಾಕಿ.
ನನ್ನ ಬೆಳ್ಳಿ ಖೊಟ್ಟಿ ಅಂತ ಗಿರಾಕಿಗೆ ಹೇಳಿದ್ದಕ್ಕ
ಹನ್ನೆರಡು ವರ್ಷ ಆಕಿ ಜೋಡಿ ಮಾತಿದ್ದಿಲ್ಲ.
(ಖೊಟ್ಟಿ ಖರೇನ. ಆದ್ರ ಹೇಳಬಾರದು.)
ಜಾಗ ಇದ್ದದ್ದು ನನ್ನ ಬಾಜೂಕ ಅಷ್ಟ.
ಕುಂತಳು. ಚೀಲ ಹುಡುಕಿದಳು.
'ಪೆನ್ಸಿಲ್ ಐತೇನು?'
ಕನ್ನಡ! ಮುಂಡಗೋಡದಾಗ ಹುಟ್ಟಿದಾಕಿ ಅಂತ.
ಹನ್ನೆರಡು ವರ್ಷ ನಾ ಗೋರ್ ಮಾತಿನ್ಯಾಗ ಬೈದಿದ್ದೆ,
ಆಕಿ ಬೈದದ್ದು ಯಾವುದರಾಗೋ.
ಆಕಿ ಕಾರ್ಡಿನ್ಯಾಗ ನಿರಾಶ್ರಿತ ಅಂತೈತಿ, ನಂದ್ರಾಗ ಹೊರರಾಜ್ಯ.
ಪೆನ್ಸಿಲ್ ಮುರಿದು ಅರ್ಧ ಕೊಟ್ಟೆ.

ಬಾಯಿ, ಇದೆಲ್ಲ ನಿಮಗ ಹೇಳಬೇಕು,
ಹೇಳಾಕ ಇಂಗ್ಲಿಷ್ ಇನ್ನೂ ಸಾಲದು.
ಮಾರ್ಚಿಗೆ ರೊಕ್ಕ ತೀರತೈತಂತ, ಲೈಟ್ ಆರಸ್ತಾರಂತ.

ನಿನ್ನೆ ಒಬ್ಬಾಂವ ಗಂಟಿನ್ಯಾಗಿಂದ ಪುಸ್ತಕ ಎಳದ.
ಅಕ್ಷರದ ಅಂಚಿಗೆಲ್ಲ ನಾ ಕಸೂತಿ ಗೀಚೇನಿ,
ಎ ಸುತ್ತ ಕವಡಿ, ಬಿ ಸುತ್ತ ಕನ್ನಡಿ.
ಐನೂರು ಕೊಡ್ತೇನಿ, ಅಂದ.
ಸುಳ್ಳು ಯಾಕ ಹೇಳ್ಲಿ, ಒಂದು ಗಳಿಗಿ ಲೆಕ್ಕ ಹಾಕಿದೆ:
ಎರಡು ದಿನದ ಖೋಲಿ ಬಾಡಿಗಿ.
ಆಮ್ಯಾಲ ಹೊಳ್ಳಿಸಿ ಕೆಂಪು ಸಿಕ್ಕಾದ ಮ್ಯಾಲ ಬೆರಳಿಟ್ಟು
ಒಂದೊಂದ ಓದಿದೆ, ಗಟ್ಟಿಯಾಗಿ:
ಎನ್. ಓ. ಟಿ.
ಮುಂದಿನ ಅಕ್ಷರಕ್ಕ ಬೆರಳು ಹೋಗೂದ್ರಾಗ
ಅವ ನಡದಿದ್ದ.